ಲಿಂಗಸುಗೂರಿನ ಬಿಸಿಲಿಗೆ ಎಂಥ ಟೆಂಟ್?

ಪ್ರಶ್ನೆ: ನಾವು ಆರು ಜನ ಭೂವಿಜ್ಞಾನದ ವಿದ್ಯಾರ್ಥಿಗಳು. ಅಂತರ್ಜಲ ಸಮೀಕ್ಷೆಗೆಂದು ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆ, ಒಂದು ಹಳ್ಳಿಯ ಹೊರಗೆ ಬಿಡಾರ ಹೂಡಬೇಕಿದೆ. ಆನ್‌ಲೈನ್‌ನಲ್ಲಿ ನಾಲ್ಕು ಜನ ಮಲಗುವ ವಾಟರ್‌ಪ್ರೂಫ್ ಪಾಲಿಯೆಸ್ಟರ್ ಟೆಂಟ್ ಅಗ್ಗಕ್ಕೆ ಸಿಗುತ್ತಿದೆ. ಎರಡು ಕೊಂಡರೆ ಸಾಕಾ? ಕೂಲರ್, ಸಣ್ಣ ಫ್ರಿಜ್ ಒಯ್ಯಬೇಕಾ?
– ಒಬ್ಬ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ದುಡ್ಡು ಕಳಿಸಿಲ್ಲ ಅಲ್ವಾ? ಹಾಗಾದರೆ ತಡೆಯಿರಿ. ಆ ಟೆಂಟ್ ಕೊಡಗಿನಲ್ಲಿ ಎರಡು ರಾತ್ರಿ ಕಳೆಯೋಕೆ ಚೆನ್ನ. ಎಪ್ಪತ್ತೈದು ದಿನದ ರಾಯಚೂರಿನ ಬಿಸಿಲಿಗೆ ಅಲ್ಲ.

ನಾನೂ ಮೊದಲ ಕ್ಯಾಂಪಿಗೆ ಅಂಥದ್ದನ್ನೇ ಒಯ್ದಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಒಳಗಿಟ್ಟ ಮೇಣದಬತ್ತಿ ಬಾಗಿ ಬಿಲ್ಲಿನಂತಾಗಿತ್ತು. ಎರಡನೇ ವಾರ ಜಿಪ್‌ಗೆ ಧೂಳು ಹೊಕ್ಕು ಹಲ್ಲು ಕಚ್ಚಿಕೊಂಡಿತು. ತಿಂಗಳು ಮುಗಿಯುವಷ್ಟರಲ್ಲಿ ಮೇಲಿನ ಬಟ್ಟೆ ಬೆರಳು ತಾಗಿದರೆ ಹಳೇ ಪೇಪರಿನಂತೆ ಹರಿಯುತ್ತಿತ್ತು. ನೈಲಾನ್, ಪಾಲಿಯೆಸ್ಟರ್ ಎರಡನ್ನೂ ಬಿಸಿಲು ತಿನ್ನುತ್ತದೆ. ಮೇಲಾಗಿ ವಾಟರ್‌ಪ್ರೂಫ್ ಲೇಪ ಇರುವ ಬಟ್ಟೆ ಉಸಿರಾಡುವುದಿಲ್ಲ. ಒಳಗಿನ ಸೆಕೆ ಒಳಗೇ.

ನೀವು ಕೊಳ್ಳಬೇಕಾದ್ದು ಹತ್ತಿ ಕ್ಯಾನ್ವಾಸ್ ಟೆಂಟ್, ಅದೂ ಎರಡು ಚಾವಣಿಯದ್ದು. ಮಿಲಿಟರಿಯವರ ಹಳೇ ಟೆಂಟುಗಳನ್ನು ನೋಡಿರಬಹುದು. ಮೇಲಿನ ಚಾವಣಿ ಬಿಸಿಲು ಕುಡಿಯುತ್ತದೆ, ನಡುವಿನ ಗೇಣುದ್ದ ಸಂದಿಯಲ್ಲಿ ಗಾಳಿ ಓಡುತ್ತದೆ, ಕೆಳಗಿನದು ತಣ್ಣಗಿರುತ್ತದೆ. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಇರಲಿ. ನಾಲ್ಕೂ ಗೋಡೆ ಸುತ್ತಿ ಮೇಲೆ ಕಟ್ಟುವಂತಿರಲಿ. ಬಣ್ಣ ತೆಳುವಾಗಿರಲಿ, ಗಾಢ ಬೇಡ. ‘ನಾಲ್ಕು ಜನಕ್ಕೆ’ ಅಂತ ಬರೆದಿದ್ದರೆ ಇಬ್ಬರಿಗೆ ಅಂತ ಓದಿಕೊಳ್ಳಿ. ಭಾರ ಜಾಸ್ತಿ, ನಿಜ. ಆದರೆ ನೀವೇನು ಬೆನ್ನ ಮೇಲೆ ಹೊರುತ್ತೀರಾ? ಟೆಂಪೋದಲ್ಲಿ ಹೋಗುತ್ತದೆ.

ಹೊಸ ಕ್ಯಾನ್ವಾಸನ್ನು ಹೊರಡುವ ಮೊದಲೇ ಬಿಚ್ಚಿ ಕಟ್ಟಿ, ಪೈಪಿನಿಂದ ಪೂರ್ತಿ ನೆನೆಸಿ, ಒಣಗಿಸಿ. ಹೀಗೆ ಎರಡು ಸಲ. ನೂಲು ಉಬ್ಬಿ ಹೊಲಿಗೆಯ ತೂತು ತಾನಾಗೇ ಮುಚ್ಚುತ್ತದೆ. ಆಮೇಲೂ ಸೋರಿದರೆ ಹೊಲಿಗೆಗೆ ಮೇಣ ಉಜ್ಜಿ. ಒದ್ದೆ ಟೆಂಟನ್ನು ಮಾತ್ರ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ.

ಇಷ್ಟಾದರೂ ಹಗಲಿಗೆ ಟೆಂಟ್ ಸಾಲದು. ನಿಮ್ಮ ದುಡ್ಡಿನ ಮೊದಲ ಪಾಲು ನೆರಳಿಗೆ ಹೋಗಲಿ. ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಚಪ್ಪರ ಚೆನ್ನಾಗಿರುತ್ತದೆ, ಆದರೆ ಬೇಸಿಗೆಯಲ್ಲಿ ಅದು ದನದ ಮೇವು. ರೈತರ ಹತ್ತಿರ ಕೇಳೋಕೆ ಮುಖ ಬೇಕು! ನರ್ಸರಿಯವರು ಕಟ್ಟುವ ಹಸಿರು ಶೇಡ್ ನೆಟ್ ತನ್ನಿ, ಶೇಕಡಾ 75ರಷ್ಟು ಬಿಸಿಲು ತಡೆಯುವಂಥದ್ದು. ಬಿದಿರು ಗಳ ನೆಟ್ಟು, ಟೆಂಟಿನ ನೆತ್ತಿಯಿಂದ ಎರಡು ಅಡಿ ಮೇಲೆ ಬಿಗಿಯಿರಿ. ಪಡುವಣ ಬದಿಗೆ ನೆಲದವರೆಗೂ ಇಳಿಬಿಡಿ. ಮೂರು ಗಂಟೆಯ ಓರೆ ಬಿಸಿಲು ನೆತ್ತಿಯ ಬಿಸಿಲಿಗಿಂತ ಕಾಟ ಕೊಡುತ್ತದೆ. ಪಕ್ಕದಲ್ಲೇ ಇನ್ನೊಂದು ನೆಟ್ ಕಟ್ಟಿ. ಊಟ, ಓದು, ಮಧ್ಯಾಹ್ನದ ನಿದ್ದೆ ಎಲ್ಲ ಅದರಡಿ. ಟೆಂಟು ರಾತ್ರಿಗೆ ಮತ್ತು ಮಳೆಗೆ.

ಹೌದು, ಮಳೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಪ್ಪಾಗಿ, ಮೊದಲು ಧೂಳು, ಆಮೇಲೆ ಗಾಳಿ, ಕೆಲವೊಮ್ಮೆ ಆಲಿಕಲ್ಲು. ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಬಿಡಾರ ಬೇಡ. ಒಣಗಿದಾಗ ಗೂಟವೇ ಬಿರುಕಿನೊಳಗೆ ಇಳಿಯುತ್ತದೆ, ನೆನೆದರೆ ಬೆಣ್ಣೆಯಿಂದ ಕಿತ್ತಂತೆ ಬರುತ್ತದೆ. ಮಸಾರಿ ನೆಲ, ಅಂದರೆ ಕೆಂಪು ಮಣ್ಣಿನದ್ದು, ಹುಡುಕಿ. ಒಣಗಿದ ಹಳ್ಳದ ಪಾತ್ರವೂ ಬೇಡ, ಒಂಟಿ ದೊಡ್ಡ ಮರದ ಬುಡವೂ ಬೇಡ. ಜತೆಗೆ ಬರುವ ಸಣ್ಣ ಗೂಟ ಎಸೆದು, ಒಂದೂವರೆ ಅಡಿಯ ಕಬ್ಬಿಣದ ಗೂಟ ಮಾಡಿಸಿ. ಮೂಲೆಗಳಿಗೆ ಉಸುಕು ತುಂಬಿದ ಗೋಣಿಚೀಲ ಹೂತು ಹಗ್ಗ ಕಟ್ಟಿ. ಹತ್ತಿ ಹಗ್ಗವಾದರೆ ಮಳೆ ಶುರುವಾದೊಡನೆ ತುಸು ಸಡಿಲಿಸಿ. ನೆನೆದು ಕುಗ್ಗಿ ಅದೇ ಗೂಟ ಕೀಳುತ್ತದೆ.

ಮಲಗಲು ಹೊರಸು, ಅಂದರೆ ಹಗ್ಗ ಹೆಣೆದ ಮಂಚ. ಫೋಮ್ ಹಾಸಿಗೆ ಬೆವರು ಹಿಡಿಯುತ್ತದೆ, ಹೊರಸಿನಲ್ಲಿ ಕೆಳಗಿನಿಂದಲೂ ಗಾಳಿ ಬರುತ್ತದೆ. ನೆಲದ ಮೇಲೆ ಮಾತ್ರ ಮಲಗಬೇಡಿ. ಕಟ್ಟುಹಾವು ರಾತ್ರಿ ಓಡಾಡುವ ಹಾವು, ಕಚ್ಚಿದ್ದು ಎಷ್ಟೋ ಸಲ ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳಿರುತ್ತದೆ.

ಕೂಲರ್ ಬೇಡ. ಕರೆಂಟೂ ನುಂಗುತ್ತದೆ, ನೀರೂ ನುಂಗುತ್ತದೆ. ಗಾಳಿ ಬರುವ ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಡಿ, ಒಣ ಹವೆಯಲ್ಲಿ ಅದೇ ಕೂಲರ್. ಕಾರವಾರದಲ್ಲಿ ಈ ಉಪಾಯ ನಡೆಯದು, ಅಲ್ಲಿನ ಗಾಳಿಯೇ ಒದ್ದೆ. 15 ವ್ಯಾಟಿನ ಮೂರು ಡಿಸಿ ಫ್ಯಾನ್ ಹತ್ತು ಗಂಟೆ ತಿರುಗಿದರೆ 450 ವ್ಯಾಟ್-ಅವರ್. 12 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇರುತ್ತದೆ. ಲೆಡ್ ಆ್ಯಸಿಡ್‌ನದ್ದಾದರೆ ಅರ್ಧ ಮಾತ್ರ ಬಳಸಿ. ಮಿಕ್ಕಿದ್ದು ಮೊಬೈಲು, ದೀಪಕ್ಕೆ ಸಾಕು. ಸೋಲಾರ್ ಪ್ಯಾನೆಲ್ 150 ವ್ಯಾಟಿನದ್ದಿರಲಿ.

ನೀರು ತಲೆಗೆ ದಿನಕ್ಕೆ 20 ಲೀಟರ್ ಲೆಕ್ಕ ಹಿಡಿಯಿರಿ, ಕುಡಿಯಲು, ಅಡುಗೆಗೆ, ಮೈತೊಳೆಯಲು ಸೇರಿ. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಯಾರಾದರೂ ಬಡಬಡಿಸಿದರೆ, ತಡವರಿಸಿದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಗಾಡಿ ಹೊರಡಿಸಿ.

ಫ್ರಿಜ್‌ನ ಬದಲು ಸಂತೆಯಲ್ಲಿ ಎರಡು ಮಣ್ಣಿನ ಗಡಿಗೆ ಕೊಳ್ಳಿ. ಮೊದಲೆರಡು ದಿನದ ನೀರು ಮಣ್ಣು ವಾಸನೆ ಹೊಡೆಯುತ್ತದೆ, ಅದನ್ನು ಪಾತ್ರೆ ತೊಳೆಯಲು ಬಳಸಿ. ಮೂರನೇ ದಿನದಿಂದ ಕುಡಿಯಬಹುದು.