ಹಸಿ ಮಾಂಸಕ್ಕೆ ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ಗುಂಡನಿಗೆ ನಾಲ್ಕು ವರ್ಷ, ತೂಕ 30 ಕೆ.ಜಿ. ಹೊಟ್ಟೆ ಮಾತ್ರ ತುಂಬಾ ಸೂಕ್ಷ್ಮ. ತಿಂಗಳಿಗೆ ಎರಡು ಸಲವಾದರೂ ಭೇದಿ, ಆಗಾಗ ಬೆಳಗಿನ ಜಾವ ಹಳದಿ ನೊರೆ ವಾಂತಿ. ಮೂರು ಬ್ರ್ಯಾಂಡಿನ ಡ್ರೈ ಫುಡ್ ಬದಲಾಯಿಸಿದ್ದಾಯಿತು. ಪಾರ್ಕಿನಲ್ಲಿ ಸಿಗುವ ಒಬ್ಬರು "ನಾಯಿ ಅಂದ್ರೆ ತೋಳದ ವಂಶ, ಹಸಿ ಮಾಂಸ ಹಾಕಿ, ಎಲ್ಲಾ ಸರಿಹೋಗುತ್ತೆ" ಅಂದರು. ಹೋದ ಭಾನುವಾರ ಕಾಲು ಕೆ.ಜಿ. ಹಸಿ ಚಿಕನ್ ಹಾಕಿದೆವು. ರಾತ್ರಿ ನಾಲ್ಕು ಸಲ ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಎಲ್ಲಿ ತಪ್ಪಾಯಿತು, ಹೇಗೆ ಶುರು ಮಾಡಬೇಕು? ಮನೆಯಲ್ಲಿ ಒಂದೂವರೆ ವರ್ಷದ ಮಗಳಿದ್ದಾಳೆ, ಅದನ್ನೂ ಹೇಳಿಬಿಡುತ್ತೇನೆ.
– ಓದುಗರು, ಮೈಸೂರು

ಉತ್ತರ: ಕೊನೇ ಸಾಲನ್ನು ಮೊದಲು ಬರೆಯಬೇಕಿತ್ತು ನೀವು! ಮಗು ನೆಲದ ಮೇಲೆ ಆಡುವ ಮನೆಯಲ್ಲಿ ಹಸಿ ಮಾಂಸ ಬೇಡ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಇರುವುದು ಮಾಮೂಲಿ. ಅದನ್ನು ತಿಂದ ನಾಯಿ ಆರಾಮಾಗಿ ಓಡಾಡಿಕೊಂಡಿರಬಹುದು, ಆದರೆ ಅದರ ಕಕ್ಕದಲ್ಲಿ ಆ ಬ್ಯಾಕ್ಟೀರಿಯಾ ಕೆಲವು ದಿನ ಬರುತ್ತಲೇ ಇರಬಹುದು, ಅದೇ ನಾಯಿ ತನ್ನ ಹಿಂದೆ ನೆಕ್ಕಿಕೊಂಡು ಬಂದು ಮಗುವಿನ ಕೆನ್ನೆಯನ್ನೂ ನೆಕ್ಕುತ್ತದೆ. ಫ್ರೀಜರ್‌ನಲ್ಲಿ ಇಟ್ಟರೆ ಎಲ್ಲಾ ಸತ್ತುಹೋಗುತ್ತೆ ಅನ್ನೋರಿದ್ದಾರೆ. ಕೆಲವು ಹುಳು ಸಾಯಬಹುದು. ಬ್ಯಾಕ್ಟೀರಿಯಾ ಹಾಗೆಲ್ಲ ಸಾಯುವುದಿಲ್ಲ, ಮಂಜು ಕರಗಿದ ಮೇಲೆ ಮತ್ತೆ ಬೆಳೆಯುತ್ತವೆ.

ಇನ್ನು ಗುಂಡನ ವಿಷಯ. "ಸೂಕ್ಷ್ಮ ಹೊಟ್ಟೆ" ಅನ್ನೋದು ಕಾಯಿಲೆಯ ಹೆಸರಲ್ಲ. ಕಾರಣ ಗೊತ್ತಾಗುವ ತನಕ ನಾವು ಇಟ್ಟುಕೊಂಡಿರುವ ಹೆಸರು, ಅಷ್ಟೇ. ಆ ಮೂರು ಪ್ಯಾಕೆಟ್ ಇನ್ನೂ ಇದ್ದರೆ ತಿರುಗಿಸಿ ಓದಿ. ಮೂರರಲ್ಲೂ ಚಿಕನ್ನೇ ಇದ್ದರೆ ನೀವು ಬದಲಾಯಿಸಿದ್ದು ಚೀಲವನ್ನು, ಊಟವನ್ನಲ್ಲ. ನಾಯಿಗಳಿಗೆ ಅಲರ್ಜಿ ತರುವ ಆಹಾರದಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವೇ ಮುಂದೆ. ಕೋಳಿ ಆಗದ ನಾಯಿಗೆ ಕೋಳಿಯನ್ನು ಹಸಿಯಾಗಿ ಕೊಟ್ಟರೂ ಬೇಯಿಸಿ ಕೊಟ್ಟರೂ ಒಂದೇ.

ಬೆಳಗಿನ ಜಾವದ ಹಳದಿ ವಾಂತಿ ಬಹುಶಃ ಪಿತ್ತ. ರಾತ್ರಿ ಏಳಕ್ಕೆ ಊಟ ಹಾಕಿ ಬೆಳಗ್ಗೆ ಎಂಟರವರೆಗೆ ಏನೂ ಕೊಡದಿದ್ದರೆ ಖಾಲಿ ಹೊಟ್ಟೆಗೆ ಹೀಗಾಗುತ್ತದೆ. ಮಲಗುವ ಮುಂಚೆ ಅದರ ಊಟದಲ್ಲೇ ಒಂದು ಹಿಡಿ ಎತ್ತಿಟ್ಟು ಕೊಡಿ. ಹತ್ತು ದಿನದಲ್ಲಿ ಗೊತ್ತಾಗುತ್ತದೆ.

ಭೇದಿಗೆ ಮಾತ್ರ ಪರೀಕ್ಷೆ ಮಾಡಿಸಲೇಬೇಕು. ಕಕ್ಕದ ಪರೀಕ್ಷೆ ಒಂದು ಸಲ ಸಾಲದು, ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ, ಯಾಕೆಂದರೆ ಜಿಯಾರ್ಡಿಯಾ ಅನ್ನುವ ಪರೋಪಜೀವಿ ದಿನಾ ಕಾಣಿಸಿಕೊಳ್ಳುವುದಿಲ್ಲ. ಪ್ಯಾಂಕ್ರಿಯಾಸ್‌ಗೆ (ಜೀರ್ಣರಸ ತಯಾರಿಸುವ ಗ್ರಂಥಿಗೆ) ಸಂಬಂಧಿಸಿದ ರಕ್ತಪರೀಕ್ಷೆಯ ಬಗ್ಗೆಯೂ ನಿಮ್ಮ ಡಾಕ್ಟರನ್ನು ಕೇಳಿ. ಅಲ್ಲಿ ತೊಂದರೆ ಇರುವ ನಾಯಿಗೆ ಚರ್ಮ, ಕೊಬ್ಬು ಸೇರಿದ ಮಾಂಸ ಹಾಕಿದರೆ ಸೀದಾ ಡ್ರಿಪ್ ಹಾಕಿಸಬೇಕಾದೀತು.

ತೋಳದ ಮಾತಿಗೆ ಬರೋಣ. ವಂಶ ಅದೇ, ಸರಿ. ಆದರೆ ಮನುಷ್ಯರ ಜೊತೆ ಸಾವಿರಾರು ವರ್ಷ ಉಂಡು ನಾಯಿಯ ಹೊಟ್ಟೆ ಬದಲಾಗಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ಪಿಷ್ಟ ಜೀರ್ಣಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ. ನಮ್ಮಜ್ಜಿ ಮನೆಯ ಕರಿಯ ಮುದ್ದೆ ತಿಂದೇ ಹದಿನಾಲ್ಕು ವರ್ಷ ಬಾಳಿದ, ಅವನಿಗೆ ಈ ಸಂಶೋಧನೆ ಬೇಕಿರಲಿಲ್ಲ. (ಮುದ್ದೆ ಸರಿ, ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ.)

ಹಾಗಾದರೆ ಏನು ಹಾಕೋದು? ಗುಂಡ ಇಲ್ಲಿಯವರೆಗೆ ತಿನ್ನದ ಒಂದು ಮಾಂಸ ಆರಿಸಿಕೊಳ್ಳಿ. ಕೊಬ್ಬು ತೆಗೆದ ಮೇಕೆ ಮಾಂಸ ಅಥವಾ ಮುಳ್ಳು ತೆಗೆದ ಮೀನು. ಬರೀ ನೀರಿನಲ್ಲಿ ಬೇಯಿಸಿ, ಉಪ್ಪು ಖಾರ ಏನೂ ಬೇಡ, ಮೆತ್ತಗಿನ ಅನ್ನದ ಜೊತೆ ಕಲಸಿ. ಮೊದಲ ಮೂರು ದಿನ ಹಳೇ ಊಟದ ಜೊತೆ ಎರಡು ಚಮಚ ಸಾಕು. ಆಮೇಲೆ ವಾರಕ್ಕೆ ಕಾಲು ಭಾಗದಂತೆ ಹೆಚ್ಚಿಸಿ, ನಾಲ್ಕು ವಾರಕ್ಕೆ ಪೂರ್ತಿ ಹೊಸ ಊಟ. ಮಧ್ಯೆ ಕಕ್ಕ ತೆಳ್ಳಗಾದರೆ ಹಿಂದಿನ ಅಳತೆಗೆ ವಾಪಸ್ ಬಂದು ನಾಲ್ಕು ದಿನ ಅಲ್ಲೇ ನಿಲ್ಲಿ. ಪೂರ್ತಿ ಬದಲಾದ ಮೇಲೆ ಎಂಟು ವಾರ ಬೇರೆ ಏನೂ ಬಾಯಿಗೆ ಹೋಗಬಾರದು. ಚ್ಯೂ ಸ್ಟಿಕ್ ಇಲ್ಲ, ಮಗಳು ಊಟದ ಕುರ್ಚಿಯಿಂದ ಬೀಳಿಸುವ ಬಿಸ್ಕತ್ತೂ ಇಲ್ಲ. ಇದೇ ಕಷ್ಟದ ಭಾಗ, ನನಗೆ ಗೊತ್ತು. ಈ ಊಟವನ್ನೇ ತಿಂಗಳುಗಟ್ಟಲೆ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಎಷ್ಟು ಸೇರಿಸಬೇಕು ಅಂತ ಕೇಳಿ ಬರೆಸಿಕೊಳ್ಳಿ. ಬರೀ ಮಾಂಸದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಭಾನುವಾರ ಎಲ್ಲಿ ತಪ್ಪಾಯಿತು ಅಂತ ಕೇಳಿದಿರಿ. ಕೆರಳಿದ ಹೊಟ್ಟೆಗೆ ಒಂದೇ ಸಲ ಕಾಲು ಕೆ.ಜಿ. ಹೊಸ ಪದಾರ್ಥ, ಅದೂ ಹಸಿಯಾಗಿ. ಅಂಗಡಿಯಲ್ಲಿ "ನಾಯಿಗೆ" ಅಂತ ಕೇಳಿ ತಂದಿದ್ದರೆ ಇನ್ನೂ ಕೆಟ್ಟದ್ದು. ಆ ಕವರ್‌ನಲ್ಲಿ ಚರ್ಮ, ಕತ್ತು, ಕರುಳು ಎಲ್ಲಾ ಇರುತ್ತೆ, ಬೆಳಗ್ಗಿಂದ ಬಿಸಿಲಲ್ಲಿ ಬಿದ್ದಿರುತ್ತೆ.

ಮಗಳು ದೊಡ್ಡವಳಾದ ಮೇಲೂ ಹಸಿ ಮಾಂಸದ ಆಸೆ ಹೋಗದಿದ್ದರೆ, ಕಾರಣ ಗೊತ್ತಾಗಿ ಮೂರು ತಿಂಗಳು ಕಕ್ಕ ಗಟ್ಟಿಯಾಗಿದ್ದರೆ ಮಾತ್ರ ಯೋಚಿಸಿ. ಆಗಲೂ ಚಮಚದ ಲೆಕ್ಕವೇ. ಮೂಳೆ ಬೇಡ, ಕಲೀಜ ಚೂರೇ ಚೂರು, ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ. ಕಕ್ಕ ಸುಣ್ಣದ ಹಾಗೆ ಬೆಳ್ಳಗೆ ಪುಡಿಯಾದರೆ ಎಲ್ಲೋ ಮೂಳೆ ಜಾಸ್ತಿ ತಿಂದಿದೆ ಅಂತ. ಟಾರಿನ ಹಾಗೆ ಕಪ್ಪಗೆ ಅಂಟಂಟಾದರೆ ಒಳಗೆ ರಕ್ತ ಹೋಗುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೊರಡಿ. ನಾನಂತೂ ನನ್ನ ನಾಯಿಗೆ ಬೇಯಿಸಿಯೇ ಹಾಕುತ್ತೇನೆ.

ಪ್ರಶ್ನೆ: ನಮ್ಮಲ್ಲಿ ಎರಡು ಮುಧೋಳ ನಾಯಿಗಳಿವೆ. ಕುರಿ ಕೊಯ್ದಾಗಲೆಲ್ಲ ಕಲೀಜ, ಶ್ವಾಸಕೋಶದ ಚೂರು ಹಸಿಯಾಗಿಯೇ ಹಾಕುತ್ತೇವೆ. ಇವತ್ತಿನವರೆಗೆ ಹೊಟ್ಟೆ ಕೆಟ್ಟಿಲ್ಲ. ಮುಂದುವರಿಸಬಹುದಲ್ವಾ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಬೇಡ. ಇಲ್ಲಿ ಹೆದರಬೇಕಾದದ್ದು ನಾಯಿಯ ಹೊಟ್ಟೆಗಲ್ಲ, ನಿಮ್ಮ ಹೊಟ್ಟೆಗೆ. ಕುರಿಯ ಕಲೀಜ, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತವಲ್ಲ, ಅದು ಹೈಡಾಟಿಡ್ ಗುಳ್ಳೆ, ಅಂದರೆ ಲಾಡಿಹುಳುವಿನ ಮರಿಗಳಿರುವ ಚೀಲ, ಇರಬಹುದು. ನಾಯಿ ಅದನ್ನು ತಿಂದರೆ ಅದರ ಕರುಳಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು ಬೆಳೆಯುತ್ತವೆ. ನಾಯಿಗೆ ಏನೂ ಆದ ಹಾಗೆ ಕಾಣುವುದಿಲ್ಲ. ಮೊಟ್ಟೆಗಳು ಕಕ್ಕದಲ್ಲಿ ಹೊರಬಂದು, ಕೂದಲಿಗೆ ಅಂಟಿ, ಕೈಯಿಂದ ಬಾಯಿಗೆ ಹೋದರೆ ಮನುಷ್ಯರ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ ಮಾಡಿಯೇ ತೆಗೆಯಬೇಕು.

ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ ಹಾಕಿ. ಗುಳ್ಳೆ ಕಂಡರೆ ಅದೂ ಬೇಡ, ಆಳವಾಗಿ ಹೂಳಿ ಅಥವಾ ಸುಟ್ಟುಬಿಡಿ. ಪ್ರಾಜಿಕ್ವಾಂಟೆಲ್ ಇರುವ ಜಂತಿನ ಮಾತ್ರೆ ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ, ಇಬ್ಬರ ತೂಕ ನೋಡಿಸಿಯೇ ತನ್ನಿ. ಕುರಿ ಕೊಯ್ಯುವ ದಿನ ನಾಯಿಗಳನ್ನು ಕಟ್ಟಿಹಾಕಿರಿ.