ಮೊದಲು ಆ ಬೀಗದ ಕೈ ಇಸ್ಕೊಳ್ಳಿ

ಹಾಸನದಿಂದ ಬಂದ ಒಂದು ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಎತ್ತಿಡಲು ಮನಸ್ಸೇ ಬರುತ್ತಿಲ್ಲ. ಬರೆದವರು ನಿವೃತ್ತ ಶಿಕ್ಷಕಿ, ವಯಸ್ಸು 66. ಸಾಲಗಾಮೆ ರಸ್ತೆ ಕಡೆ ಅವರದೊಂದು ಮಹಡಿ ಮನೆ ಇದೆ. 1996ರಲ್ಲಿ ತಮ್ಮ ಸಂಬಳದ ಮೇಲೆ ಸಾಲ ತೆಗೆದು ಕಟ್ಟಿಸಿದ್ದು, ಅವರ ಹೆಸರಿನಲ್ಲೇ ಇದೆ. ಈಗ ಇರುವುದು ಗಂಡ ಹೆಂಡತಿ ಇಬ್ಬರೇ. ಯಜಮಾನರಿಗೆ ಮಂಡಿ ನೋವು. ಈ ಮನೆ ಮಾರಿ, ಪೇಟೆಗೆ ಹತ್ತಿರ, ಮೆಟ್ಟಿಲಿಲ್ಲದ ಎರಡು ರೂಮಿನ ಮನೆ ತೆಗೆದುಕೊಳ್ಳಬೇಕು ಅಂತ ಆಸೆ. ಬೆಂಗಳೂರಿನ ಮಗ ಬೇಡ ಅನ್ನುತ್ತಾನೆ. ‘ನಾವು ಬಂದ್ರೆ ಎಲ್ಲಿ ಮಲಗೋದು?’ ಯಜಮಾನರು ‘ಮಕ್ಕಳು ಹೇಳಿದ ಹಾಗಾಗಲಿ’ ಅಂತ ಪೇಪರ್ ಓದುತ್ತಾ ಕೂತಿದ್ದಾರೆ. ಮಾರಲೋ ಬೇಡವೋ ಎನ್ನುವುದು ಪ್ರಶ್ನೆ.

ಅಕ್ಕಾ, ಓದುತ್ತಾ ಓದುತ್ತಾ ನಾನು ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಹೋದ ಮಳೆಗಾಲದಲ್ಲಿ ಮಹಡಿ ರೂಮು ಸೋರಿದ ವಿಷಯ ಹೇಳುತ್ತಾ, ‘ಬೀಗದ ಕೈ ಮಗನ ಹತ್ತಿರ ಇದ್ದುದರಿಂದ ಒಳಗೆ ಹೋಗಲಾಗಲಿಲ್ಲ’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಬಾಗಿಲ ಸಂದಿಯಿಂದ ನೀರು ಮೆಟ್ಟಿಲ ಮೇಲೆ ಹರಿಯುತ್ತಿತ್ತು. ರಾತ್ರಿ ಕರೆಂಟಿಲ್ಲ. ನೀವು ಹದಿನೇಳು ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಗೋಣಿಚೀಲ ಒತ್ತಿಕೊಂಡು ಕೂತಿದ್ದಿರಿ. ಯಜಮಾನರು ಕೆಳಗಿನಿಂದ ಟಾರ್ಚ್ ಬಿಡುತ್ತಿದ್ದರು. ನೀವು ಸಾಲ ತೀರಿಸಿದ ಮನೆ. ಅದರ ಒಂದು ರೂಮಿಗೆ ನಿಮಗೇ ಪ್ರವೇಶವಿಲ್ಲ. ಇದು ನಿಮಗೆ ಸಣ್ಣ ವಿಷಯ ಅನ್ನಿಸಿತಲ್ಲ, ನನಗೆ ಸಂಕಟವಾಗಿದ್ದು ಅದಕ್ಕೇ.

ಒಳಗೇನಿದೆ? ನೀವೇ ಬರೆದಿದ್ದೀರಿ: ಹಳೇ ಇಂಜಿನಿಯರಿಂಗ್ ಪುಸ್ತಕ, ಕೆಟ್ಟ ಕಂಪ್ಯೂಟರ್, ಸೊಸೆಯ ಎರಡು ಸೂಟ್‌ಕೇಸ್. ಅಂದರೆ ಮಗನಿಗೆ ಬೇಕಿರುವುದು ಬಾಡಿಗೆ ಇಲ್ಲದ ಗೋಡೌನು. ಅದಕ್ಕೆ ಕಾವಲು ನೀವು. ಹಾಸನಾಂಬೆ ಬಾಗಿಲು ತೆಗೆಯುವುದೇ ವರ್ಷಕ್ಕೊಂದು ಸಲ, ದೀಪಾವಳಿ ಹೊತ್ತಿಗೆ. ನಿಮ್ಮ ಮಗನೂ ಹೆಚ್ಚುಕಡಿಮೆ ಆಗಲೇ ಬರುವುದು. ಆ ಎರಡು ರಾತ್ರಿಗೋಸ್ಕರ ವರ್ಷವಿಡೀ ಮಹಡಿ ಗುಡಿಸಬೇಕಾ? ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮನೆ ಇರಬೇಕಾದ್ದು ದಿನಾ ಇರುವವರಿಗೆ. ಬರುವವರಿಗೆ ಹಾಲ್‌ನಲ್ಲಿ ಹಾಸಿಗೆ ಹಾಸಿದರೆ ಸಾಕು. ನಾವೆಲ್ಲ ಹಾಗೆ ಸಾಲಾಗಿ ಮಲಗಿಯೇ ದೊಡ್ಡವರಾದದ್ದು ಅಲ್ವಾ?

ಮಗನಿಗಿಂತ ಜಾಸ್ತಿ ಸಿಟ್ಟು ಬಂದದ್ದು ನಿಮ್ಮ ಮೈದುನನ ಮೇಲೆ. ‘ಮಾರಿದರೆ ಊರೋರು ಆಡ್ಕೋತಾರೆ, ಅದರ ಬದಲು ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ’ ಅಂದರಂತೆ. ಕಂತು ಕಟ್ಟುವಾಗ ಅವರು ಎಲ್ಲಿದ್ದರು? ದಾನಪತ್ರ ನೋಂದಣಿಯಾದ ಮೇಲೆ ನೀವು ಆ ಮನೆಯಲ್ಲಿ ಅತಿಥಿ, ಅಷ್ಟೆ. ಹಿರಿಯ ನಾಗರಿಕರಿಗಾಗಿ 2007ರ ಕಾಯ್ದೆ ಇದೆ, ನಿಜ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ ದಾನಪತ್ರ ರದ್ದು ಮಾಡಿಸಬಹುದು. ಆದರೆ ನೋಡಿಕೊಳ್ಳಬೇಕು ಎನ್ನುವ ಷರತ್ತಿನ ಮೇಲೆ ಕೊಟ್ಟಿದ್ದರೆ ಮಾತ್ರ. ಸುಮ್ನೆ ಪ್ರೀತಿಯಿಂದ ಬರೆದುಕೊಟ್ಟವರು ಕಚೇರಿ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿದ್ದೇನೆ. ಬೇಡ ಅಕ್ಕಾ.

ಮಾರುವ ಹಕ್ಕು ಪೂರ್ತಿ ನಿಮ್ಮದು. ನೀವೇ ದುಡಿದು ಮಾಡಿದ ಆಸ್ತಿಯಲ್ಲಿ ನೀವಿರುವಾಗ ಮಕ್ಕಳಿಗೆ ಪಾಲಿಲ್ಲ, ಅವರ ಸಹಿಯೂ ಬೇಕಿಲ್ಲ. ಇ-ಖಾತೆ ಮಾಡಿಸಿಟ್ಟುಕೊಳ್ಳಿ, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಮಾರಿದ ಎರಡು ವರ್ಷದೊಳಗೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಮನೆ ಕೊಂಡರೆ, ಅದಕ್ಕೆ ಹಾಕಿದಷ್ಟು ಲಾಭಕ್ಕೆ ತೆರಿಗೆ ಇರುವುದಿಲ್ಲ. ಉಳಿದ ಲೆಕ್ಕವನ್ನು ಆಡಿಟರ್ ಹೇಳುತ್ತಾರೆ. ಚಿಕ್ಕ ಮನೆಯೂ ನಿಮ್ಮ ಹೆಸರಿನಲ್ಲೇ ಇರಲಿ, ಇದರಲ್ಲಿ ದಾಕ್ಷಿಣ್ಯ ಬೇಡ.

ಆದರೆ ಇದೆಲ್ಲ ಆಮೇಲೆ. ಈಗ ಮಾಡಬೇಕಾದ್ದು ಒಂದೇ ಕೆಲಸ. ಇವತ್ತು ಸಂಜೆ ಮಗನಿಗೆ ಫೋನ್ ಮಾಡಿ. ಮನೆ ಮಾರುವ ಮಾತು ಎತ್ತಬೇಡಿ. ‘ಈ ಭಾನುವಾರ ಬಂದು ರೂಮು ಖಾಲಿ ಮಾಡಿಕೊಂಡು ಹೋಗಪ್ಪಾ’ ಎನ್ನಿ, ಅಷ್ಟೇ. ಕುಣಿಗಲ್ ಮೇಲಿನ ರೈಲು 2017ರಿಂದ ಓಡಾಡುತ್ತಿದೆ, ದೂರ ಅನ್ನುವ ಹಾಗಿಲ್ಲ. ಬಂದರೆ ಹೊಟ್ಟೆ ತುಂಬ ಊಟ ಹಾಕಿ, ಹೊರಡುವಾಗ ಬೀಗದ ಕೈ ಇಸ್ಕೊಳ್ಳಿ. ಬರದಿದ್ದರೆ ಸೋಮವಾರ ಬೆಳಗ್ಗೆ ಬೀಗ ರಿಪೇರಿಯವನನ್ನು ಕರೆಸಿ ಬಾಗಿಲು ತೆಗೆಸಿ. ಹೊಸ ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರಲಿ.