ಹಸಿದ ಹುಡುಗರಿಗೆ ಆಟ ಯಾಕೆ?

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಬೆಂಗಳೂರಿನ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಮಲಗುವ ಹುಡುಗರ ಜೊತೆ ಭಾನುವಾರ ಕೇರಂ, ಫುಟ್‌ಬಾಲ್ ಆಡುವ ಯುವಕರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಅವರ ಪ್ರಶ್ನೆ ಇದು: "ಹೊಟ್ಟೆಗೆ ಇಲ್ಲದವರಿಗೆ ಚೆಂಡು ಕೊಟ್ಟು ಏನು ಪ್ರಯೋಜನ? ಊಟ ಕೊಡಿ, ಸ್ಕೂಲಿಗೆ ಸೇರಿಸಿ. ಆಟ ಆಮೇಲೆ."

ಮೇಷ್ಟ್ರೇ, ಊಟ ಮೊದಲು ಅನ್ನೋದು ನಿಜ. ಆದರೆ ಯಾರ ಮಾತು ಕೇಳಿ ಸ್ಕೂಲಿಗೆ ಹೋಗಬೇಕು ಅನ್ನೋದನ್ನು ತೀರ್ಮಾನ ಮಾಡುವವನು ಆ ಹುಡುಗನೇ. ಮನೆಯಲ್ಲಿ ಹೊಡೆತ ತಿಂದು ಓಡಿ ಬಂದಿರುತ್ತಾನೆ. ಇಲ್ಲಿ ಲಾಠಿ ಏಟು ತಿಂದಿರುತ್ತಾನೆ. ಕೆಲಸ ಕೊಡಿಸ್ತೀನಿ ಅಂತ ಕರೆದುಕೊಂಡು ಹೋದವರು ದುಡಿಸಿಕೊಂಡು ಕೈಬಿಟ್ಟಿರುತ್ತಾರೆ. ಎದುರಿಗೆ ಕೂರಿಸಿಕೊಂಡು ಹೆಸರು, ಊರು ಕೇಳಿದರೆ ದಿನಕ್ಕೊಂದು ಹೇಳುತ್ತಾನೆ. ಹೇಳಲೇಬೇಕು, ಅಷ್ಟು ಎಚ್ಚರ ಇಲ್ಲದಿದ್ದರೆ ಬೀದಿಯಲ್ಲಿ ಉಳಿಯೋಕಾಗಲ್ಲ.

ಅದೇ ಹುಡುಗ ಕೇರಂ ಬೋರ್ಡಿನ ಮುಂದೆ ಕೂತಾಗ ನೋಡಿ. ಕಣ್ಣು ಕಾಯಿನ್ ಮೇಲೆ, ಬೆರಳು ಸ್ಟ್ರೈಕರ್ ಮೇಲೆ. ಯಾರೂ ಅವನ ಮುಖ ನೋಡುತ್ತಿಲ್ಲ. ಆಟದ ನಡುವೆ ಸುಮ್ನೆ ಒಂದು ಮಾತು ಬರುತ್ತದೆ: "ನಮ್ಮಪ್ಪಂಗೂ ಕೇರಂ ಬರ್ತಿತ್ತು." ಅಲ್ಲಿ ಕೂತಿರುವ ಅಣ್ಣನೋ ಅಕ್ಕನೋ ತಲೆ ಎತ್ತದೆ ಆಟ ಮುಂದುವರಿಸಬೇಕು. ಮುಂದಿನ ಮಾತು ಬರುವುದಕ್ಕೆ ವಾರಗಳೇ ಹಿಡಿಯಬಹುದು.

ಕೆಲವರು ಆಟಕ್ಕೇ ಬರುವುದಿಲ್ಲ. ನಶೆಗಾಗಿ ಮೂಸುವ ಸೊಲ್ಯೂಷನ್ ಹಚ್ಚಿದ ಬಟ್ಟೆ ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿರುತ್ತಾರೆ. ಬೈದು ಬಟ್ಟೆ ಕಿತ್ತುಕೊಂಡರೆ ಮುಂದಿನ ವಾರ ಆ ಕಡೆ ಸುಳಿಯುವುದಿಲ್ಲ. "ಸ್ಕೋರ್ ನೀನೇ ನೋಡ್ಕೊಳಪ್ಪ" ಅಂದರೆ ಬರೆಯೋಕೆ ಎರಡೂ ಕೈ ಬೇಕಾಗುತ್ತದೆ, ಬಟ್ಟೆ ಪಕ್ಕಕ್ಕಿಡಬೇಕಾಗುತ್ತದೆ. ಇದರಿಂದ ಚಟ ಬಿಟ್ಟುಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಚಟ ಬಿಡಿಸೋಕೆ ಡಾಕ್ಟರ್ ಬೇಕು. ಡಾಕ್ಟರ್ ಹತ್ತಿರ ಜೊತೆಗೆ ಹೋಗೋಕೆ ಅವನು ನಂಬುವ ಒಬ್ಬರು ಬೇಕು, ಅಲ್ವಾ?

ಕೀನ್ಯಾದ ನೈರೋಬಿಯಲ್ಲಿ ಮಥಾರೆ ಎಂಬ ದೊಡ್ಡ ಕೊಳೆಗೇರಿ ಇದೆ. ಅಲ್ಲಿ 1987ರಲ್ಲಿ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಶುರುವಾಯಿತು. ಶುರು ಮಾಡಿದವರು ಕೆನಡಾದ ಬಾಬ್ ಮನ್ರೊ. ಅವರ ಲೀಗ್‌ನ ನಿಯಮ ನನಗೆ ಬಹಳ ಇಷ್ಟ. ಪಂದ್ಯ ಗೆದ್ದರೆ 3 ಅಂಕ, ತಂಡದವರೆಲ್ಲ ಸೇರಿ ಕೇರಿಯ ಕಸ ತೆಗೆದರೆ 6 ಅಂಕ. ಚೆನ್ನಾಗಿ ನಡೆದುಕೊಂಡ ಆಟಗಾರನಿಗೆ ರೆಫರಿ ಹಸಿರು ಕಾರ್ಡ್ ಕೊಡುತ್ತಾರೆ. ಇಂಥ ಕೆಲಸದಲ್ಲಿ ಮುಂದೆ ಬಂದವರ ಸ್ಕೂಲ್ ಫೀಸನ್ನು ಸಂಸ್ಥೆಯೇ ಕಟ್ಟುತ್ತದೆ. ನೀವು ಕೇಳಿದ ಸ್ಕೂಲು ಅಲ್ಲಿ ಬಂದದ್ದು ಚೆಂಡಿನ ಹಿಂದೆಯೇ. ಅಲ್ಲಿಂದ ಹುಟ್ಟಿದ ಮಥಾರೆ ಯುನೈಟೆಡ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಹುಟ್ಟುಹಬ್ಬದ ದಿನ ಬಂದು ಕೇಕ್ ಹಂಚಿ, ಮಕ್ಕಳ ಜೊತೆ ಫೋಟೊ ತೆಗೆದುಕೊಂಡು ಹೋಗುವವರು. ಆ ಮಕ್ಕಳಿಗೆ ಬಿಟ್ಟುಹೋದವರ ಲೆಕ್ಕ ಈಗಾಗಲೇ ಜಾಸ್ತಿ ಇದೆ. ಬರುವುದಾದರೆ ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಬರಬೇಕು. ಬರೋಕೆ ಆಗದಿದ್ದರೆ ಹಿಂದಿನ ವಾರವೇ ಹೇಳಬೇಕು.

ಇನ್ನೊಂದು ವಿಷಯ. 18 ತುಂಬದ ಮಗು ಒಂಟಿಯಾಗಿ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ನಾವೇ ಮನೆಗೆ ಕರೆದುಕೊಂಡು ಹೋಗಬಾರದು. ಮುಂದಿನದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳುತ್ತದೆ. 18 ದಾಟಿದವರ ಪಾಡೇ ಕಷ್ಟ. ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ನೆರವು ಇರುವುದು ಬಾಲಮಂದಿರದಂಥ ಕಡೆ ಇದ್ದು ಹೊರಬಂದವರಿಗೆ. ಬೀದಿಯಲ್ಲೇ ಬೆಳೆದವನಿಗೆ ಅದೂ ಸಿಗುವುದಿಲ್ಲ. ಅವನ ಮಟ್ಟಿಗೆ ಭಾನುವಾರದ ತಂಡವೇ ಆಧಾರ್ ಮಾಡಿಸೋಕೆ, ಡ್ರೈವಿಂಗ್ ಕಲಿಯೋಕೆ ದಾರಿ.

ನೀವು ಗಣಿತದ ಮೇಷ್ಟ್ರು ಅಂತ ಬರೆದಿದ್ದೀರಿ. ಆ ಹುಡುಗರಲ್ಲಿ ಇಬ್ಬರು ಈ ವರ್ಷ ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟುತ್ತಿದ್ದಾರೆ, ಲೆಕ್ಕ ಹೇಳಿಕೊಡುವವರು ಯಾರೂ ಇಲ್ಲ. ತುಮಕೂರಿನಿಂದ ಬೆಳಗಿನ ರೈಲು ಹತ್ತಿದರೆ ಆಟದ ಹೊತ್ತಿಗೆ ಬಂದು ಸೇರಬಹುದು. ನಿಮಗೆ ಒಪ್ಪಿಗೆ ಇದ್ದರೆ ಆ ಯುವಕರಿಗೆ ನಾನೇ ತಿಳಿಸುತ್ತೇನೆ.

– ಸಂಪಾದಕ